ಪದ ಪರಿಚಯ: ಪಿಎಸ್‌ಟಿಎನ್ ಸ್ವಿಚ್ ಆಫ್

ಬ್ರಿಟನ್ನಿನಲ್ಲಿ ಅಂಗಡಿ, ಕ್ಲಿನಿಕ್, ಸಣ್ಣ ಆಫೀಸು ನಡೆಸುವವರಿಗೆ ಫೋನ್ ಕಂಪನಿಗಳಿಂದ ಪತ್ರ, ಇಮೇಲ್ ಬರುತ್ತಲೇ ಇವೆ. 'ಪಿಎಸ್‌ಟಿಎನ್ ಸ್ವಿಚ್ ಆಫ್ ಆಗುತ್ತದೆ, ಸಿದ್ಧರಾಗಿ' ಅನ್ನುವುದು ಅದರ ಸಾರ. ಹೊಸ ಪ್ಲಾನ್ ಮಾರಲು ಬಂದ ಜಾಹೀರಾತು ಅಂದುಕೊಂಡು ಪಕ್ಕಕ್ಕಿಡುವುದು ಸುಲಭ. ಆದರೆ ಇದಕ್ಕೆ ಗಡುವಿದೆ: 2027ರ ಜನವರಿ 31.

ಪಿಎಸ್‌ಟಿಎನ್ ಎಂದರೆ ಪಬ್ಲಿಕ್ ಸ್ವಿಚ್ಡ್ ಟೆಲಿಫೋನ್ ನೆಟ್‌ವರ್ಕ್. ನಮ್ಮ ಮಾತಲ್ಲಿ ಹಳೇ ಲ್ಯಾಂಡ್‌ಲೈನ್. ಇಲ್ಲಿ 'ಸ್ವಿಚ್' ಎರಡು ಸಲ ಬರುತ್ತದೆ, ಎರಡಕ್ಕೂ ಅರ್ಥ ಬೇರೆ. ಹೆಸರಿನೊಳಗಿನ ಸ್ವಿಚ್ ಜೋಡಿಸುವ ಕೆಲಸದ್ದು. ನಿಮ್ಮ ತಂತಿಯನ್ನು ನೀವು ಕರೆದವರ ತಂತಿಗೆ ಎಕ್ಸ್‌ಚೇಂಜ್‌ನಲ್ಲಿ ಸೇರಿಸುವುದು. ಮೊದಲು ಆಪರೇಟರುಗಳು ಬೋರ್ಡಿನ ಮುಂದೆ ಕೂತು ಕೈಯಲ್ಲೇ ಇದನ್ನು ಮಾಡುತ್ತಿದ್ದರು. 1912ರಲ್ಲಿ ಎಪ್ಸಮ್‌ನಲ್ಲಿ ಬ್ರಿಟನ್ನಿನ ಮೊದಲ ಸ್ವಯಂಚಾಲಿತ ಎಕ್ಸ್‌ಚೇಂಜ್ ಬಂತು. 1980ರಿಂದ 'ಸಿಸ್ಟಮ್ ಎಕ್ಸ್' ಎಂಬ ಡಿಜಿಟಲ್ ಯಂತ್ರಗಳು ಬಂದವು. ಈಗ ಮುದಿಯಾಗಿರುವುದು ಆ ಕಾಲದ ಯಂತ್ರಗಳೇ. ಬಿಡಿಭಾಗ ಸಿಗುವುದು ಕಷ್ಟ, ರಿಪೇರಿ ಬಲ್ಲವರು ನಿವೃತ್ತರಾಗುತ್ತಿದ್ದಾರೆ. ಹಾಗಾಗಿ ಇನ್ನು ಮುಂದೆ ಮಾತೂ ಬ್ರಾಡ್‌ಬ್ಯಾಂಡಿನ ಮೇಲೆಯೇ ಹೋಗಬೇಕು.

ಮೊದಲು ಗಡುವು ಇದ್ದದ್ದು 2025ರ ಡಿಸೆಂಬರ್‌ಗೆ. 2024ರಲ್ಲಿ ಅದನ್ನು ಮುಂದಕ್ಕೆ ಹಾಕಿದರು. ವಯಸ್ಸಾದವರು ಕೊರಳಿಗೆ ಹಾಕಿಕೊಳ್ಳುವ ತುರ್ತು ಗುಂಡಿಗಳು ಹಳೇ ಲೈನ್ ಮೇಲೆ ನಿಂತಿದ್ದವು ಅನ್ನುವುದು ಮುಖ್ಯ ಕಾರಣ. ಹಳೇ ಮಾದರಿಯ ಹೊಸ ಲೈನ್ ಮಾರಾಟವಂತೂ 2023ರ ಸೆಪ್ಟೆಂಬರ್‌ನಲ್ಲೇ ನಿಂತಿತು. ಅದನ್ನು 'ಸ್ಟಾಪ್ ಸೆಲ್' ಅನ್ನುತ್ತಾರೆ.

ಒಂದು ತಪ್ಪು ತಿಳಿವಳಿಕೆ: ಗಡುವಿನ ದಿನವೇ ತಾಮ್ರದ ತಂತಿಯನ್ನೆಲ್ಲ ಕಿತ್ತು ಹಾಕುತ್ತಾರೆ ಅಂತ. ಹಾಗಲ್ಲ. ಫೈಬರ್ ಇನ್ನೂ ತಲುಪದ ಕಡೆ ಅದೇ ತಂತಿಯಲ್ಲಿ ಬ್ರಾಡ್‌ಬ್ಯಾಂಡ್ ಮಾತ್ರ ಬರುತ್ತದೆ, ಡಯಲ್ ಟೋನ್ ಇರುವುದಿಲ್ಲ. ಫೋನನ್ನು ಗೋಡೆಯ ಸಾಕೆಟ್ ಬದಲು ರೂಟರಿಗೆ ಚುಚ್ಚಬೇಕು, ಅಥವಾ ಕಂಪ್ಯೂಟರಿನಲ್ಲೇ ಆ್ಯಪ್ ಹಾಕಿಕೊಂಡು ಮಾತಾಡಬೇಕು. ಐಎಸ್‌ಡಿಎನ್ ಲೈನ್, ಅಂದರೆ ಹಲವು ಕರೆ ಒಟ್ಟಿಗೆ ಸಾಗಿಸುವ ಹಳೇ ಡಿಜಿಟಲ್ ಫೋನ್ ಲೈನ್, ಇಟ್ಟುಕೊಂಡ ಆಫೀಸುಗಳು ಎಸ್‌ಐಪಿ ಟ್ರಂಕ್‌ಗೆ ಹೋಗಬೇಕು. ಟ್ರಂಕ್ ಅಂದರೆ ಪೆಟ್ಟಿಗೆ ಅಲ್ಲ, ಒಂದೇ ಇಂಟರ್ನೆಟ್ ದಾರಿಯಲ್ಲಿ ಹತ್ತಾರು ಕರೆ ಒಟ್ಟಿಗೆ ಸಾಗುವ ವ್ಯವಸ್ಥೆ. ಒಂದು ಕರೆಗೆ ಹೆಚ್ಚೆಂದರೆ 100 ಕೆಬಿಪಿಎಸ್ ಸಾಕು, ಹೋಗಲು ಅಷ್ಟು, ಬರಲು ಅಷ್ಟು. ಹಾಗಾಗಿ ಡೌನ್‌ಲೋಡ್ ಅಲ್ಲ, ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ ಇರುವ ಅಪ್‌ಲೋಡ್ ವೇಗ ನೋಡಿ.

ನನ್ನ ಪ್ರಕಾರ ಫೋನ್ ಬದಲಿಸುವುದು ಈ ಕೆಲಸದ ಸುಲಭದ ಭಾಗ. ತಲೆನೋವು ಇರುವುದು ಆ ಲೈನಿಗೆ ಸದ್ದಿಲ್ಲದೆ ಜೋತುಬಿದ್ದ ಉಳಿದವುಗಳಲ್ಲಿ. ಕಳ್ಳರ ಅಲಾರಂ, ಬೆಂಕಿಯ ಅಲಾರಂ, ಲಿಫ್ಟಿನೊಳಗಿನ ತುರ್ತು ಫೋನ್, ಹಳೇ ಕಾರ್ಡ್ ಮೆಷಿನ್, ಫ್ಯಾಕ್ಸ್, ಬಾಗಿಲ ಬಳಿಯ ಇಂಟರ್‌ಕಾಮ್. ಇವನ್ನು ಹಾಕಿಸಿದವರು ಯಾರೋ, ಈಗ ನೋಡಿಕೊಳ್ಳುವವರು ಇನ್ಯಾರೋ. ಆದ್ದರಿಂದ ಹಳೇ ಬಿಲ್ಲುಗಳನ್ನು ಹರಡಿಕೊಂಡು ಎಷ್ಟು ನಂಬರಿಗೆ ಬಾಡಿಗೆ ಹೋಗುತ್ತಿದೆ ಎಣಿಸಿ. ಯಾರೂ ಮಾತಾಡದ ಲೈನಿಗೆ ದುಡ್ಡು ಹೋಗುತ್ತಿದ್ದರೆ, ಸುಮ್ನೆ ದಂಡ ಅಂತ ಆ ಕ್ಷಣವೇ ಕತ್ತರಿಸಬೇಡಿ. ಅದರ ಇನ್ನೊಂದು ತುದಿಯಲ್ಲಿ ಲಿಫ್ಟ್ ಇರಬಹುದು. ಕಟ್ಟಡ ಬಾಡಿಗೆಯದಾದರೆ ಮಾಲೀಕರನ್ನೂ ಕೇಳಿ. ಅಲಾರಂ ಹೊಸ ಲೈನಿನಲ್ಲಿ ಕೆಲಸ ಮಾಡುತ್ತದೋ ಇಲ್ಲವೋ ಎಂದು ಹೇಳಬೇಕಾದವರು ಅಲಾರಂ ಕಂಪನಿಯವರು, ಫೋನ್ ಕಂಪನಿಯವರಲ್ಲ.

ಇನ್ನು ಕರೆಂಟಿನ ವಿಷಯ. ಮಲೆನಾಡಿನಲ್ಲಿ ಬೆಳೆದವರಿಗೆ ನೆನಪಿರಬಹುದು. ಮಳೆಗಾಲದಲ್ಲಿ ಮನೆಯೆಲ್ಲ ಕತ್ತಲಾಗಿದ್ದರೂ, ತಂತಿ ಮೇಲೆ ಮರ ಬೀಳದಿದ್ದರೆ ಲ್ಯಾಂಡ್‌ಲೈನ್ ರಿಂಗಾಗುತ್ತಿತ್ತು. ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಸುಮಾರು 50 ವೋಲ್ಟ್ ಅದೇ ತಂತಿಯಲ್ಲಿ ಬರುತ್ತಿದ್ದದ್ದೇ ಕಾರಣ. ಬ್ರಿಟನ್ನಿನಲ್ಲೂ ಅದೇ ಕಥೆ. ಹೊಸ ಲೈನಿನಲ್ಲಿ ಆ ಸೌಕರ್ಯ ಇಲ್ಲ. ಫೈಬರ್ ಗಾಜಿನ ಎಳೆ, ಅದರಲ್ಲಿ ಬೆಳಕು ಬರುತ್ತದೆ, ಕರೆಂಟ್ ಬರುವುದಿಲ್ಲ. ಅಂಗಡಿಯ ಕರೆಂಟ್ ಹೋದರೆ ರೂಟರ್ ಹೋಯಿತು, ಫೋನೂ ಹೋಯಿತು. ಲ್ಯಾಂಡ್‌ಲೈನನ್ನೇ ನಂಬಿದ ಗ್ರಾಹಕರಿಗೆ ಕರೆಂಟ್ ಹೋದಾಗ ಕನಿಷ್ಠ ಒಂದು ಗಂಟೆ ತುರ್ತು ಕರೆ ಮಾಡುವ ದಾರಿ ಇರಬೇಕು ಅನ್ನುತ್ತದೆ ಅಲ್ಲಿನ ನಿಯಂತ್ರಕ ಸಂಸ್ಥೆ ಆಫ್‌ಕಾಮ್. ವ್ಯಾಪಾರ ನಡೆಸುವವರು ಅಷ್ಟಕ್ಕೇ ನಿಲ್ಲದೆ, ರೂಟರಿಗೂ ಫೈಬರ್ ಪೆಟ್ಟಿಗೆಗೂ ಸೇರಿ ಒಂದು ಯುಪಿಎಸ್ ಇಟ್ಟುಕೊಳ್ಳುವುದು ಒಳ್ಳೆಯದು. ಒಂದಕ್ಕೆ ಮಾತ್ರ ಇಟ್ಟರೆ ಇಟ್ಟೂ ಇಡದ ಹಾಗೆ.

ಬ್ರಿಟನ್ನಿನ ತುರ್ತು ನಂಬರ್ 999ಕ್ಕೆ ಕರೆ ಹೋದಾಗ ಕಾಣುವ ವಿಳಾಸವೂ ಈಗ ತಂತಿಯದಲ್ಲ, ನೀವು ದಾಖಲಿಸಿದ್ದು. ಅಂಗಡಿ ಬದಲಿಸಿ ಫೋನನ್ನು ಜೊತೆಗೆ ಒಯ್ದರೆ ವಿಳಾಸವನ್ನೂ ಬದಲಿಸಬೇಕು.

ಕೊನೆಗೆ ನಂಬರು. ಇಪ್ಪತ್ತು ವರ್ಷದಿಂದ ಬೋರ್ಡಿನ ಮೇಲಿರುವ ನಂಬರ್ ಕಳೆದುಕೊಳ್ಳಲು ಯಾರಿಗೆ ಮನಸ್ಸು ಬರುತ್ತದೆ ಅಲ್ವಾ? ಹೊಸ ಕಂಪನಿಗೆ ಅದನ್ನು ಒಯ್ಯಬಹುದು, ಅದಕ್ಕೆ ಪೋರ್ಟಿಂಗ್ ಅನ್ನುತ್ತಾರೆ. ಆದರೆ ಹಳೇ ಲೈನ್ ಜೀವಂತ ಇರುವಾಗಲೇ ಅದು ಆಗಬೇಕು. ಹಳೆಯದನ್ನು ನಾವೇ ಮೊದಲು ರದ್ದು ಮಾಡಿಸಿದರೆ ನಂಬರೂ ಅದರ ಜೊತೆ ಹೋಗಬಹುದು. ಪೋರ್ಟ್ ಆಯಿತು ಎಂದು ಹೊಸ ಕಂಪನಿ ಖಚಿತಪಡಿಸಿದ ಮೇಲೆ, ಹೊರಗಿನ ಮೊಬೈಲಿನಿಂದ ಒಮ್ಮೆ ಕರೆ ಮಾಡಿ ನೋಡಿ. ಅಂಗಡಿಯ ಫೋನ್ ರಿಂಗಾದ ಮೇಲೆಯೇ ಹಳೇ ಲೈನ್ ನಿಲ್ಲಿಸುವ ಮಾತು.