ಜೊತೆಗೆ ಯಾರಿದ್ದೀರಿ?

ಸರ್ಜಿಕಲ್ ವಾರ್ಡಿಗೆ ಹೊಸ ಪೇಷಂಟ್ ಬಂದರೆ ನಾವು ಹೆಸರಿಗಿಂತ ಮೊದಲು ಕೇಳುವುದು 'ಜೊತೆಗೆ ಯಾರಿದ್ದೀರಿ?' ಅಂತ. ಔಷಧಿ ತರಲು, ಸಹಿ ಹಾಕಲು, ರಾತ್ರಿ ಎಬ್ಬಿಸಿ ಕೂರಿಸಲು ಒಬ್ಬರು ಬೇಕಲ್ಲ. 'ಯಾರೂ ಇಲ್ಲ ಸಿಸ್ಟರ್' ಅಂದಾಗ ನಾನು ಸಿಡುಕಿದ್ದೂ ಉಂಟು.

ನರ್ಸಿಂಗ್ ಮಕ್ಕಳಿಗೆ ರುಫೈದಾ ಅವರ ಬಗ್ಗೆ ಹೇಳುವಾಗ ಇಲ್ಲಿಂದಲೇ ಶುರು ಮಾಡುತ್ತೇನೆ. ಪ್ರವಾದಿ ಮುಹಮ್ಮದರ ಕಾಲದ ಮದೀನಾದಲ್ಲಿದ್ದ ಅಸ್ಲಮ್ ಕುಲದ ಹೆಣ್ಣುಮಗಳು. ಶಾಲೆ ತೆರೆದರು, ನಿಯಮಾವಳಿ ಬರೆದರು ಅಂತೆಲ್ಲ ಇಂಟರ್‌ನೆಟ್ಟಿನಲ್ಲಿ ಓದಲು ಸಿಗುತ್ತದೆ. ಹಳೆಯ ಅರಬ್ಬೀ ಬರಹಗಳಲ್ಲಿರುವುದು ನಾಲ್ಕಾರು ಸಾಲು ಮಾತ್ರ, ನನಗೆ ಅಷ್ಟೇ ಸಾಕು. ಪ್ರವಾದಿಯವರ ಚರಿತ್ರೆ ಬರೆದ ಇಬ್ನ್ ಇಸ್ಹಾಕ್ ಪ್ರಕಾರ ಮಸೀದಿಯಲ್ಲಿ ಅವರದೊಂದು ಡೇರೆಯಿತ್ತು. ಗಾಯಾಳುಗಳಿಗೆ ಚಿಕಿತ್ಸೆ ಮಾಡುತ್ತಿದ್ದರು. ನೋಡಿಕೊಳ್ಳುವವರಿಲ್ಲದೆ ಕಂಗೆಟ್ಟವರ ಸೇವೆಯನ್ನು, ಕೂಲಿ ಬಯಸದೆ ದೇವರ ಪ್ರತಿಫಲವೊಂದನ್ನೇ ನಂಬಿ, ತಾವಾಗಿಯೇ ಮೈಮೇಲೆ ಹಾಕಿಕೊಂಡಿದ್ದರು. ಜೊತೆಗೆ ಯಾರೂ ಇಲ್ಲದವರಿಗೇ ಅಂತ ಒಂದು ಜಾಗ!

ತಮಾಷೆಯೆಂದರೆ, ಆ ಡೇರೆಯ ಹೆಸರಾಂತ ರೋಗಿಗೆ ಜನಬಲಕ್ಕೇನೂ ಕಡಿಮೆಯಿರಲಿಲ್ಲ. 627ರ ಕಂದಕ ಯುದ್ಧದಲ್ಲಿ ಔಸ್ ಕುಲದ ನಾಯಕ ಸಅದ್ ಬಿನ್ ಮುಆದ್‌ಗೆ ತೋಳಿನ 'ಅಕ್‌ಹಲ್' ನಾಳಕ್ಕೆ ಬಾಣ ತಗುಲಿತು. ನಾವು ರಕ್ತ ತೆಗೆಯಲು ಮೊಣಕೈ ಮಡಿಕೆಯಲ್ಲಿ ಬೆರಳಾಡಿಸಿ ಹುಡುಕುತ್ತೇವಲ್ಲ, ಅದೇ ನಾಳ. 'ರುಫೈದಾ ಅವರ ಡೇರೆಯಲ್ಲಿಡಿ, ಹತ್ತಿರದಲ್ಲೇ ಹೋಗಿ ನೋಡಿಬರುತ್ತೇನೆ' ಎಂದರು ಪ್ರವಾದಿಯವರು. ಅವರ ಮನೆ ಮಸೀದಿಗೆ ಅಂಟಿಕೊಂಡೇ ಇತ್ತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಂದು 'ಹೇಗಿದ್ದೀಯ?' ಎಂದು ವಿಚಾರಿಸುತ್ತಿದ್ದರು. ನಮ್ಮ ರೌಂಡ್ಸ್ ಕೂಡ ಅದೇ ಎರಡು ಹೊತ್ತು.

ರಕ್ತ ನಿಲ್ಲಿಸಲು ಆಗ ಇದ್ದ ದಾರಿಗಳು ಕೆಲವೇ. ಅದಕ್ಕೂ ಮೊದಲು ಉಹುದ್ ಯುದ್ಧದಲ್ಲಿ ಪ್ರವಾದಿಯವರ ಮುಖಕ್ಕೆ ಗಾಯವಾದಾಗ ನೀರು ಹಾಕಿದಷ್ಟೂ ರಕ್ತ ಹೆಚ್ಚಾಯಿತು. ಆಗ ಮಗಳು ಫಾತಿಮಾ ಚಾಪೆಯ ತುಂಡೊಂದನ್ನು ಸುಟ್ಟು ಬೂದಿ ಮೆತ್ತಿದರು. ತೊಳೆಯುತ್ತ ಹೋದರೆ ಹೆಪ್ಪುಗಟ್ಟುವುದಿಲ್ಲ ಅನ್ನುವುದು ಆಕೆಗೆ ಕಣ್ಣಳತೆಯಲ್ಲೇ ತಿಳಿದಿತ್ತು. ಸಅದ್‌ಗೆ ಪ್ರವಾದಿಯವರು ಕಾಯಿಸಿದ ಕಬ್ಬಿಣದಿಂದ ಬರೆ ಹಾಕಿದರು. ಕೈ ಊದಿತು. ಮತ್ತೊಮ್ಮೆ ಹಾಕಿದರು. ರಕ್ತ ನಿಂತಿತು.

ಅಷ್ಟರಲ್ಲಿ, ಯುದ್ಧದಲ್ಲಿ ಶತ್ರುಗಳ ಜೊತೆ ಸೇರಿದ ಆರೋಪ ಹೊತ್ತಿದ್ದ ಮದೀನಾದ ಯಹೂದಿ ಕುಲ ಬನೂ ಕುರೈಜಾದ ವಿಷಯದಲ್ಲಿ ತೀರ್ಪು ಹೇಳಲು ಸಅದ್‌ಗೇ ಕರೆ ಬಂತು. ಕತ್ತೆಯ ಬೆನ್ನಿಗೆ ಚರ್ಮದ ದಿಂಬು ಹಾಸಿ, ಅದರ ಮೇಲೆ ಕೂರಿಸಿ ಕರೆದೊಯ್ದರು. ಅಂಥ ರೋಗಿಯನ್ನು ಬೆಡ್ಡಿನಿಂದ ಇಳಿಸಿದ್ದಾರೆ ಎಂದು ಓದಿದರೇ ನನಗೆ ಕೈ ನಡುಗುತ್ತದೆ. ತೀರ್ಪು ಹೇಳಿ ಮರಳಿದ ಮೇಲೆ ಗಾಯ ಒಡೆಯಿತು. ಸೋಂಕು ನಾಳದ ಗೋಡೆಯನ್ನು ತಿಂದು, ಮಾಯುತ್ತಿದೆ ಎನ್ನುವ ಹೊತ್ತಿಗೆ ಹೀಗೆ ಒಮ್ಮೆಲೇ ರಕ್ತ ನುಗ್ಗುವುದನ್ನು ನಾವು ಸೆಕೆಂಡರಿ ಹೆಮರೇಜ್ ಎನ್ನುತ್ತೇವೆ. ಇಲ್ಲಿಯೂ ಅದೇ ಆಗಿರಬೇಕೆಂದು ನನ್ನ ಊಹೆ. ಮಸೀದಿಯಲ್ಲೇ ಗಿಫಾರ್ ಕುಲದವರ ಡೇರೆಯೂ ಇತ್ತು. ರಕ್ತ ಅಲ್ಲಿಯವರೆಗೂ ಹರಿಯಿತು. 'ಡೇರೆಯವರೇ, ನಿಮ್ಮ ಕಡೆಯಿಂದ ಇದೇನು ಬರುತ್ತಿದೆ?' ಎಂದು ಅವರು ಕೂಗಿ ಕೇಳಿದರಂತೆ. ಸಅದ್ ಉಳಿಯಲಿಲ್ಲ.

'ಹಾಗಾದರೆ ರುಫೈದಾ ಸೋತರಾ ಮೇಡಂ?' ಎಂದು ಹುಡುಗಿಯೊಬ್ಬಳು ಕೇಳಿದ್ದಳು. ಹಾಗೆ ಒಡೆದ ಗಾಯದ ಮೇಲೆ ಎರಡೂ ಕೈ ಒತ್ತಿ ಹಿಡಿದು ಡಾಕ್ಟರನ್ನು ಕೂಗುವುದಷ್ಟೇ ನಾವೂ ಮಾಡುವುದು, ರುಫೈದಾ ಅವರಿಗೆ ರೋಗಿಯನ್ನು ಒಯ್ಯಲು ಆಪರೇಷನ್ ಥಿಯೇಟರ್ ಇರಲಿಲ್ಲ ಎಂದೆ.