ದಿನಕ್ಕೊಂದು ನೈಂಟಿ: ಗ್ರಾಂ ಎಷ್ಟು, ಅಪಾಯ ಎಷ್ಟು?

2025ರ ಜನವರಿ 3ರಂದು ಅಮೆರಿಕದ ಅಂದಿನ ಸರ್ಜನ್ ಜನರಲ್ (ಜನರಿಗೆ ಆರೋಗ್ಯ ಸಲಹೆ ನೀಡುವ ಸರ್ಕಾರದ ಮುಖ್ಯ ವೈದ್ಯ), ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಡಾ. ವಿವೇಕ್ ಮೂರ್ತಿ, ಮದ್ಯ ಮತ್ತು ಕ್ಯಾನ್ಸರ್ ಕುರಿತು ಒಂದು ಸಲಹಾಪತ್ರ ಹೊರಡಿಸಿದರು. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳ, ಯಕೃತ್ತು, ಸ್ತನ, ದೊಡ್ಡ ಕರುಳು ಹೀಗೆ ಏಳು ಕಡೆಯ ಕ್ಯಾನ್ಸರ್‌ಗೆ ಮದ್ಯ ಕಾರಣವಾಗುತ್ತದೆ, ಬಾಟಲಿಯ ಮೇಲೆ ಅದನ್ನು ಅಚ್ಚು ಹಾಕಬೇಕು ಎಂಬುದು ಅದರ ತಿರುಳು. ಅದೇ ದಿನ ದೊಡ್ಡ ಮದ್ಯ ಕಂಪನಿಗಳ ಷೇರು ಬಿದ್ದವು. ಕೆಲವರು ಗಾಬರಿಯಾದರು. ಇನ್ನು ಕೆಲವರು ರೇಗಿದರು: ‘ನಿನ್ನೆವರೆಗೆ ಹೃದಯಕ್ಕೆ ಒಳ್ಳೇದು ಅಂತಿದ್ದವರು ಇವತ್ತು ವಿಷ ಅಂತಾರೆ. ನಮ್ಮಜ್ಜ ಕುಡಿದುಕೊಂಡೇ ತೊಂಬತ್ತು ದಾಟಲಿಲ್ವಾ?’

ಅಜ್ಜನ ವಾದಕ್ಕೆ ಉತ್ತರ ಸುಲಭ. ಅರವತ್ತಕ್ಕೇ ಹೋದ ಅಜ್ಜಂದಿರು ವಾದಕ್ಕೆ ಬರುವುದಿಲ್ಲ, ಅಷ್ಟೇ. ಮೊದಲನೆಯ ದೂರನ್ನು ಮಾತ್ರ ಹಾಗೆ ತಳ್ಳಿಹಾಕುವಂತಿಲ್ಲ.

ಮದ್ಯ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ತೀರ್ಮಾನಿಸಿದ್ದು 1988ರಲ್ಲೇ. ದೇಹದೊಳಗೆ ಮದ್ಯಸಾರ ಅಸಿಟಾಲ್ಡಿಹೈಡ್ ಆಗಿ ಒಡೆಯುತ್ತದೆ, ಅದು ಜೀವಕೋಶದ ಡಿಎನ್‌ಎಗೆ ಹಾನಿ ಮಾಡುತ್ತದೆ. ವಿಸ್ಕಿಯೋ ವೈನೋ ಬಿಯರೋ ಎಂಬುದು ಅದಕ್ಕೆ ಮುಖ್ಯವಲ್ಲ. ಆದರೆ ಜನರ ಕಿವಿಗೆ ಬಿದ್ದದ್ದು ಬೇರೆ ಕತೆ. 1991ರಲ್ಲಿ ಅಮೆರಿಕದ ಟಿ.ವಿ. ಕಾರ್ಯಕ್ರಮವೊಂದು, ಫ್ರಾನ್ಸಿನವರು ಅಷ್ಟು ಕೊಬ್ಬು ತಿಂದರೂ ಹೃದಯಾಘಾತ ಕಡಿಮೆ ಇರುವುದಕ್ಕೆ ಕೆಂಪು ವೈನ್ ಕಾರಣವಿರಬಹುದು ಎಂದಿತು. ಅಮೆರಿಕದಲ್ಲಿ ಕೆಂಪು ವೈನ್ ಮಾರಾಟ ದಿಢೀರನೆ ಏರಿತು. ಆ ಕಾಲದ ಹಲವು ಅಧ್ಯಯನಗಳಲ್ಲೂ ಸ್ವಲ್ಪ ಕುಡಿಯುವವರು ಏನೂ ಕುಡಿಯದವರಿಗಿಂತ ಹೆಚ್ಚು ಬದುಕುತ್ತಿದ್ದರು.

ತಪ್ಪು ಇದ್ದದ್ದು ಹೋಲಿಕೆಯಲ್ಲಿ. ‘ಕುಡಿಯದವರು’ ಎಂಬ ಗುಂಪಿನಲ್ಲಿ ಲಿವರ್ ಕೆಟ್ಟು, ಸಕ್ಕರೆ ಕಾಯಿಲೆ ಬಂದು, ಡಾಕ್ಟರು ಬೈದ ಮೇಲೆ ಬಿಟ್ಟವರೂ ಸೇರಿದ್ದರು. ಅವರು ಬೇಗ ಸತ್ತರೆ ಅದು ಕುಡಿಯದಿದ್ದುದರ ಫಲವಲ್ಲ. ಬ್ರಿಟನ್ನಿನ ಸಂಶೋಧಕ ಶೇಪರ್ ಮತ್ತು ಸಂಗಡಿಗರು ಇದನ್ನು 1988ರಲ್ಲೇ ತೋರಿಸಿದ್ದರು. ದಿನಕ್ಕೊಂದು ಗ್ಲಾಸ್ ವೈನ್‌ಗೆ ನಿಲ್ಲಿಸಬಲ್ಲವರು ಸಾಮಾನ್ಯವಾಗಿ ಉಳ್ಳವರು, ವ್ಯಾಯಾಮ ಮಾಡುವವರು, ತಪ್ಪದೆ ತಪಾಸಣೆಗೆ ಹೋಗುವವರು. ಮುಂದೆ ಚೀನಾದಲ್ಲಿ ಸುಮಾರು 5 ಲಕ್ಷ ಜನರನ್ನು ಒಳಗೊಂಡ ಅಧ್ಯಯನ, ಜನರು ಹೇಳಿಕೊಂಡ ಕುಡಿತವನ್ನು ಬಿಟ್ಟು, ಮದ್ಯ ತಡೆದುಕೊಳ್ಳುವ ಶಕ್ತಿಯನ್ನು ನಿರ್ಧರಿಸುವ ವಂಶವಾಹಿಗಳ ಮೂಲಕ ಲೆಕ್ಕ ಹಾಕಿತು. 2019ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲಿ, ಮಿತವಾದ ಕುಡಿತ ಪಾರ್ಶ್ವವಾಯು ತಡೆಯುತ್ತದೆ ಎಂಬ ಲಾಭ ಮಾಯವಾಗಿತ್ತು.

ಆದರೂ ತಜ್ಞರಲ್ಲಿ ಒಮ್ಮತವಿದೆ ಎಂದರೆ ಸುಳ್ಳಾದೀತು. ಮೂರ್ತಿಯವರ ಸಲಹೆಗೆ ಕೆಲವೇ ವಾರ ಮೊದಲು, 2024ರ ಡಿಸೆಂಬರ್‌ನಲ್ಲಿ, ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ ವರದಿಯೊಂದು ಮಿತವಾಗಿ ಕುಡಿಯುವವರಲ್ಲಿ ಒಟ್ಟಾರೆ ಸಾವು ಎಂದೂ ಕುಡಿಯದವರಿಗಿಂತ ಶೇ 16ರಷ್ಟು ಕಡಿಮೆ, ಸ್ತನ ಕ್ಯಾನ್ಸರ್ ಮಾತ್ರ ಹೆಚ್ಚು ಎಂದಿತು. ಮರುತಿಂಗಳು ಸರ್ಕಾರದ್ದೇ ಇನ್ನೊಂದು ಕರಡು ವರದಿ, ವಾರಕ್ಕೆ 7 ಡ್ರಿಂಕ್ (ಇದರ ಅಳತೆ ಮುಂದೆ ಹೇಳುತ್ತೇನೆ) ಮೀರಿದರೆ ಮದ್ಯದಿಂದ ಸಾಯುವ ಅಪಾಯ ಜೀವಮಾನದಲ್ಲಿ ಸಾವಿರಕ್ಕೆ ಒಂದು, 9 ಮೀರಿದರೆ ನೂರಕ್ಕೆ ಒಂದು ಎಂದಿತು. ಒಂದು ಒಟ್ಟು ಸಾವನ್ನು ಎಣಿಸಿತು, ಇನ್ನೊಂದು ಮದ್ಯವೇ ಕಾರಣವಾದ ಸಾವನ್ನು. ಕೇಳಿದ ಪ್ರಶ್ನೆಗಳೇ ಬೇರೆ. ಪತ್ರಿಕೆಯ ತಲೆಬರಹ ಮಾತ್ರ ಓದಿದವನು ಇಬ್ಬರೂ ಸುಳ್ಳರು ಎಂದುಕೊಂಡರೆ ಅವನನ್ನು ದೂರಿ ಫಲವಿಲ್ಲ.

ಇನ್ನು ಅಪಾಯ ಎಷ್ಟು ಎಂಬ ಪ್ರಶ್ನೆ. ‘ಇಷ್ಟು ಪರ್ಸೆಂಟ್ ಹೆಚ್ಚುತ್ತದೆ’ ಎಂದಷ್ಟೇ ಹೇಳಿದರೆ ಒಬ್ಬರು ಹೆದರುತ್ತಾರೆ, ಇನ್ನೊಬ್ಬರು ನಗುತ್ತಾರೆ. ಯಾವುದರ ಮೇಲೆ ಹೆಚ್ಚು ಎಂದು ಯಾರೂ ಹೇಳುವುದಿಲ್ಲ. ಮೂರ್ತಿಯವರ ಸಲಹಾಪತ್ರದಲ್ಲೇ ಒಳ್ಳೆಯ ಲೆಕ್ಕವೊಂದಿತ್ತು. ವಾರಕ್ಕೆ ಒಂದು ಡ್ರಿಂಕ್‌ಗಿಂತ ಕಡಿಮೆ ಕುಡಿಯುವ 100 ಹೆಂಗಸರಲ್ಲಿ, ಮದ್ಯಕ್ಕೆ ನಂಟಿರುವ ಕ್ಯಾನ್ಸರ್ ಜೀವಮಾನದಲ್ಲಿ ಸುಮಾರು 17 ಮಂದಿಗೆ ಬರುತ್ತದೆ. ದಿನಕ್ಕೊಂದಾದರೆ 19, ದಿನಕ್ಕೆರಡಾದರೆ 22. ಗಂಡಸರಲ್ಲಿ ಇದು 10, 11, 13. ಎಂದರೆ ದಿನಕ್ಕೆರಡು ಕುಡಿಯುವ ನೂರು ಹೆಂಗಸರಲ್ಲಿ 78 ಮಂದಿಗೆ ಆ ಕ್ಯಾನ್ಸರ್ ಬರುವುದೇ ಇಲ್ಲ, 17 ಮಂದಿಗೆ ಹೇಗಿದ್ದರೂ ಬರುತ್ತಿತ್ತು, ಐವರಿಗೆ ಕುಡಿತದಿಂದ ಬಂತು. ಐದು ದೊಡ್ಡದೋ ಸಣ್ಣದೋ ಎಂದು ಅವರವರೇ ತೂಗಬೇಕು. ಹೀಗೆ ಹೇಳಿದರೆ ಜನ ರೇಗುವುದು ಕಡಿಮೆ.

ಈ ಅಂಕಿಗಳು ಹೊರದೇಶದವು. ಗುಟ್ಕಾ, ಬೀಡಿ ಜೊತೆಗಿರುವ ನಮ್ಮವರಿಗೆ ಇವನ್ನು ಹಾಗೇ ಇಳಿಸಿಕೊಳ್ಳಬಾರದು. ತಂಬಾಕು, ಮದ್ಯ ಸೇರಿದರೆ ಬಾಯಿ–ಗಂಟಲಿನ ಅಪಾಯ ಕೂಡುವುದಿಲ್ಲ, ಗುಣಿಸುತ್ತದೆ.

ಅಮೆರಿಕದ ‘ಒಂದು ಡ್ರಿಂಕ್’ ಎಂದರೆ 14 ಗ್ರಾಂ ಶುದ್ಧ ಮದ್ಯಸಾರ, ಬ್ರಿಟನ್ನಿನ ‘ಯೂನಿಟ್’ 8 ಗ್ರಾಂ. ನಮ್ಮ ಬಾರಿನ ಅಳತೆಗೆ ಇಳಿಸುವುದು ಕಷ್ಟವಲ್ಲ. ಎಷ್ಟು ಎಂ.ಎಲ್. ಎಂಬುದನ್ನು ಬಾಟಲಿಯ ಮೇಲಿನ ಶೇಕಡಾ ಅಂಕಿಯಿಂದ ಗುಣಿಸಿ, 100ರಿಂದ ಭಾಗಿಸಿ, ಮತ್ತೆ 0.79ರಿಂದ ಗುಣಿಸಿ, ಬಂದದ್ದು ಗ್ರಾಂ. ಶೇ 42.8ರ ವಿಸ್ಕಿ ಅಥವಾ ರಮ್ 30 ಎಂ.ಎಲ್. ಹಾಕಿದರೆ 10 ಗ್ರಾಂ, ಲಾರ್ಜ್ (60 ಎಂ.ಎಲ್.) ಹಾಕಿದರೆ 20. ನೈಂಟಿ (90 ಎಂ.ಎಲ್.) 30 ಗ್ರಾಂ, ಎಂದರೆ ಎರಡು ಡ್ರಿಂಕ್‌ಗಿಂತ ಸ್ವಲ್ಪ ಹೆಚ್ಚೇ. ಕ್ವಾರ್ಟರ್ (180 ಎಂ.ಎಲ್.) 61 ಗ್ರಾಂ, ನಾಲ್ಕಕ್ಕೂ ಮಿಗಿಲು. ಜನ ಏಮಾರುವುದು ಬಿಯರ್‌ನಲ್ಲಿ. ಶೇ 8ರ ಸ್ಟ್ರಾಂಗ್ 650 ಎಂ.ಎಲ್. ಬಾಟಲಿಯಲ್ಲಿ 41 ಗ್ರಾಂ, ಅಂದರೆ ಎರಡು ಲಾರ್ಜ್ ವಿಸ್ಕಿಯಷ್ಟು. ‘ನಾನು ಬರೀ ಬಿಯರ್ ಸಾರ್’ ಎಂಬವರು ಈ ಸಾಲನ್ನು ಎರಡು ಸಲ ಓದಲಿ. ಮನೆಯಲ್ಲಿ ಸುರಿದುಕೊಳ್ಳುವಾಗ ಅಳತೆ ಇನ್ನೂ ಜಾರುತ್ತದೆ. ಔಷಧಿ ಬಾಟಲಿ ಜೊತೆ ಬರುವ ಅಳತೆ ಮುಚ್ಚಳದಲ್ಲಿ ಒಮ್ಮೆ ಅಳೆದು ನೋಡಿದರೆ ಗೊತ್ತಾಗುತ್ತದೆ. ವಾರವಿಡೀ ಬಿಟ್ಟು ಶನಿವಾರ ಒಟ್ಟಿಗೆ ಏಳು ಡ್ರಿಂಕ್ ಇಳಿಸಿದರೆ, ಸರಾಸರಿಯಲ್ಲಿ ದಿನಕ್ಕೊಂದು. ಆ ರಾತ್ರಿಯ ರಕ್ತದೊತ್ತಡಕ್ಕೆ, ಬೈಕಿಗೆ ಸರಾಸರಿ ತಿಳಿಯದು.

ಇಂಥ ಎಚ್ಚರಿಕೆಯಿಂದ ಸರ್ಕಾರಗಳು ಹಿಂದೆ ಸರಿದದ್ದೂ ಉಂಟು. ಕೆನಡಾದ ಯೂಕಾನ್‌ನಲ್ಲಿ 2017ರಲ್ಲಿ ಬಾಟಲಿಗೆ ಕ್ಯಾನ್ಸರ್ ಚೀಟಿ ಅಂಟಿಸುವ ಪ್ರಯೋಗ ಉದ್ಯಮದ ಒತ್ತಡಕ್ಕೆ ಸುಮಾರು ಒಂದು ತಿಂಗಳಲ್ಲೇ ನಿಂತಿತು. 2026ರ ಜನವರಿಯಲ್ಲಿ ಬಂದ ಅಮೆರಿಕದ ಆಹಾರ ಮಾರ್ಗಸೂಚಿ, ಗಂಡಸರಿಗೆ ದಿನಕ್ಕೆ ಎರಡು, ಹೆಂಗಸರಿಗೆ ಒಂದು ಎಂಬ ಹಳೆಯ ಮಿತಿಯನ್ನೇ ತೆಗೆದು ‘ಕಡಿಮೆ ಕುಡಿಯಿರಿ’ ಎಂದಷ್ಟೇ ಹೇಳಿತು. ನನಗಿದು ಹಿಂದಡಿ. ಯಾವುದಕ್ಕಿಂತ ಕಡಿಮೆ? ದಿನಕ್ಕೆ ಕ್ವಾರ್ಟರ್ ಕುಡಿಯುವವನು ನೈಂಟಿಗೆ ಇಳಿದರೆ ಸಲಹೆ ಪಾಲಿಸಿದ ಹಾಗೇ ಆಯಿತು. ಜನ ಮಾತ್ರ ಅಷ್ಟರಲ್ಲಿ ಮುಂದೆ ಹೋಗಿದ್ದಾರೆ: ಗ್ಯಾಲಪ್ ಸಂಸ್ಥೆಯ 2025ರ ಸಮೀಕ್ಷೆಯಲ್ಲಿ ಮಿತವಾದ ಕುಡಿತವೂ ಕೆಟ್ಟದ್ದು ಎಂದವರು ಅಮೆರಿಕನ್ನರಲ್ಲಿ ಶೇ 53.

ಸುದ್ದಿ ಓದಿ ‘ನಾಳೆಯಿಂದ ಬಂದ್’ ಎನ್ನುವವರಿಗೆ ಒಂದು ಎಚ್ಚರಿಕೆ. ಅಪರೂಪಕ್ಕೆ ಕುಡಿಯುವವರು ಧಾರಾಳವಾಗಿ ನಿಲ್ಲಿಸಬಹುದು. ವರ್ಷಗಟ್ಟಲೆ ದಿನವೂ ಕ್ವಾರ್ಟರ್, ಅದಕ್ಕೂ ಮೇಲೆ ಕುಡಿಯುವವರು, ಬೆಳಗ್ಗೆ ಕೈನಡುಕಕ್ಕೆ ಒಂದು ಗುಟುಕು ಹಾಕುವವರು ಒಮ್ಮೆಗೇ ಬಿಡಬಾರದು. ಕೊನೆಯ ಪೆಗ್ಗಿನ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡು–ಮೂರನೇ ದಿನ ಗೊಂದಲ, ಇಲ್ಲದ್ದು ಕಾಣುವುದು, ಜ್ವರ ಶುರುವಾದರೆ ಜೀವಕ್ಕೇ ಅಪಾಯ. ಅಂಥವರು ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಮಾತ್ರೆಗಳ ನೆರವಿನಿಂದ ಬಿಡಬೇಕು. ಎಲ್ಲಿಗೆ ಹೋಗುವುದೆಂದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಸುಸ್ತಾಗಿದೆ ಎಂದು ಪಕ್ಕದ ಕ್ಲಿನಿಕ್ಕಿನಲ್ಲಿ ಬರೀ ಗ್ಲೂಕೋಸ್ ಡ್ರಿಪ್ ಹಾಕಿಸುವುದು ಬೇಡ. ಹೆಚ್ಚು ಕುಡಿಯುವವರ ಮೈಯಲ್ಲಿ ಥಯಾಮಿನ್, ಅಂದರೆ ಬಿ1 ವಿಟಮಿನ್, ಬತ್ತಿರುತ್ತದೆ. ಅದನ್ನು ಕೊಡದೆ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟು ಬೀಳಬಹುದು. ಕುಡಿತದ ವಿಷಯ ಡಾಕ್ಟರ ಬಳಿ ಮುಚ್ಚಿಡದೆ, ಗ್ರಾಂ ಲೆಕ್ಕದಲ್ಲಿ ಹೇಳಿ ಥಯಾಮಿನ್ ಕೇಳಿ.