ಬಿಸಿಯೇ ದುಬಾರಿ

ಕರೆಂಟು ಬಿಲ್ಲು ನೋಡಿ ಎದೆ ಧಸಕ್ಕೆಂದ ದಿನ ಮನೆಯಲ್ಲಿ ಎಲ್ಲರಿಗಿಂತ ಮೊದಲು ಬೈಸಿಕೊಳ್ಳುವುದು ಪ್ಲಗ್ಗಿನಲ್ಲೇ ಮರೆತುಬಿಟ್ಟ ಮೊಬೈಲ್ ಚಾರ್ಜರು. ಪಾಪ, ಅದರ ಪಾಲೆಷ್ಟು? ಫೋನು ಸಿಕ್ಕಿಸದೆ ಸುಮ್ಮನೆ ಕೂತ ಈಗಿನ ಒಳ್ಳೆಯ ಚಾರ್ಜರು ಎಳೆಯುವುದು ಸುಮಾರು 0.1 ವ್ಯಾಟ್. ವರ್ಷಕ್ಕೆ 8,760 ಗಂಟೆ. ಗುಣಿಸಿದರೆ 876 ವ್ಯಾಟ್-ಗಂಟೆ, ಒಂದು ಯೂನಿಟ್ಟಿಗೂ (ಸಾವಿರ ವ್ಯಾಟ್-ಗಂಟೆ) ಕಡಿಮೆ. ಅಷ್ಟೇ ವಿದ್ಯುತ್ತಿನಲ್ಲಿ 25 ಡಿಗ್ರಿಯ ತಣ್ಣೀರನ್ನು ಸ್ನಾನಕ್ಕೆ ಹದವಾದ 40 ಡಿಗ್ರಿಗೆ ತಂದರೆ 20 ಲೀಟರಿನ ಎರಡೂವರೆ ಬಕೆಟ್ ಸಿಗುತ್ತದೆ. ಚಾರ್ಜರು ವರ್ಷವಿಡೀ ಮಾಡಿದ ಪಾಪ ಎರಡೂವರೆ ಬಕೆಟ್ ಬಿಸಿನೀರಿನಲ್ಲಿ ತೊಳೆದುಹೋಯಿತು!

ಬಿಲ್ಲು ಇಳಿಸಲು ಹೊರಟವರು ಒಂದು ಮಾತು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು: ಬೆಳಕು ಅಗ್ಗ, ಚಲನೆ ಅಗ್ಗ, ಬಿಸಿ ದುಬಾರಿ. ಎಷ್ಟು ದುಬಾರಿ ಎಂದು ತಿಳಿಯಲು ಒಂದು ಲೆಕ್ಕ. ಸಾವಿರ ಲೀಟರ್ ನೀರನ್ನು 10 ಮೀಟರ್ ಎತ್ತರದ ಟ್ಯಾಂಕಿಗೆ ಏರಿಸಲು ಬೇಕಾದ ಶಕ್ತಿ 98 ಕಿಲೋಜೂಲ್. ಪಂಪು ಮೂರರಲ್ಲಿ ಎರಡು ಪಾಲು ಪೋಲು ಮಾಡಿದರೂ 300 ದಾಟುವುದಿಲ್ಲ. ಅದೇ ನೀರನ್ನು ಬರೀ ಒಂದು ಡಿಗ್ರಿ ಬಿಸಿ ಮಾಡಿ ನೋಡಿ: 4,186 ಕಿಲೋಜೂಲ್ ಬೇಕು, ಒಂದು ಯೂನಿಟ್ಟಿಗಿಂತ ಹೆಚ್ಚು (ಒಂದು ಯೂನಿಟ್ ಎಂದರೆ 3,600 ಕಿಲೋಜೂಲ್). ಅಷ್ಟು ಶಕ್ತಿಯಲ್ಲಿ ಆ ಸಾವಿರ ಲೀಟರನ್ನು 427 ಮೀಟರ್ ಮೇಲಕ್ಕೆ ಎತ್ತಬಹುದಿತ್ತು. ಒಂದು ಡಿಗ್ರಿ ಅಂದರೆ ಕೈ ಅದ್ದಿದರೂ ಗೊತ್ತಾಗದಷ್ಟು ವ್ಯತ್ಯಾಸ. 427 ಮೀಟರ್ ಅಂದರೆ ಸಣ್ಣ ಬೆಟ್ಟ.

ಈ ವಿನಿಮಯದ ದರವನ್ನು ಕಂಡುಹಿಡಿದವನು ಇಂಗ್ಲೆಂಡಿನ ಸಾಲ್‌ಫರ್ಡಿನ ಜೇಮ್ಸ್ ಜೂಲ್, ಬಿಯರ್ ತಯಾರಿಸುವ ಮನೆತನದವನು. 1840ರ ದಶಕದಲ್ಲಿ ಆತ ನೀರು ತುಂಬಿದ ಪಾತ್ರೆಯೊಳಗೆ ಹುಟ್ಟಿನಂಥ ರೆಕ್ಕೆಗಳನ್ನಿಟ್ಟು, ಇಳಿಯುವ ತೂಕಗಳಿಂದ ಅವನ್ನು ತಿರುಗಿಸಿ, ನೀರು ಎಷ್ಟು ಬೆಚ್ಚಗಾಯಿತೆಂದು ಅಳೆದ. ಏರಿಕೆ ಎಷ್ಟು ಸಣ್ಣದೆಂದರೆ ಅವನ ಥರ್ಮಾಮೀಟರನ್ನು ನಂಬಲು ವಿದ್ವಾಂಸರು ಹಿಂದೆಮುಂದೆ ನೋಡಿದರು. ನಯಾಗರಾ ಜಲಪಾತದ ನೀರು 160 ಅಡಿ ಧುಮುಕಿದ ಮೇಲೆ ಬುಡದಲ್ಲಿ ಒಂದು ಫ್ಯಾರನ್‌ಹೀಟ್ ಡಿಗ್ರಿಯ ಐದನೇ ಒಂದು ಪಾಲಿನಷ್ಟು ಮಾತ್ರ ಬೆಚ್ಚಗಿರಬೇಕು ಎಂದು ಆತ ಲೆಕ್ಕ ಹಾಕಿದ್ದ. ಅಷ್ಟು ದೊಡ್ಡ ಜಲಪಾತದ ಆರ್ಭಟವೆಲ್ಲ ಸೇರಿದರೂ ಒಂದು ಡಿಗ್ರಿಯ ಚೂರು!

ಈಗ ಗೀಸರಿಗೆ ಬರೋಣ. 15 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಏರಿಸಲು 0.61 ಯೂನಿಟ್ ಬೇಕೇ ಬೇಕು. 2,000 ವ್ಯಾಟಿನ ಕಾಯಿಲ್ ಅದನ್ನು 18 ನಿಮಿಷದಲ್ಲಿ ಮುಗಿಸುತ್ತದೆ, 1,000 ವ್ಯಾಟಿನದು ಸುಮಾರು 37 ನಿಮಿಷ ತೆಗೆದುಕೊಳ್ಳುತ್ತದೆ. ಬಿಲ್ಲಿನಲ್ಲಿ ಎರಡೂ ಒಂದೇ. "ಕಡಿಮೆ ವ್ಯಾಟಿನದು ತಂದರೆ ಕಡಿಮೆ ಕರೆಂಟು" ಎನ್ನುವುದು ಸಣ್ಣ ಚೊಂಬಿನಲ್ಲಿ ಮೊಗೆದರೆ ಬಾವಿಯ ನೀರು ಉಳಿಯುತ್ತದೆ ಎಂದ ಹಾಗೆ. ಅದ್ದುವ ರಾಡಾಗಲಿ, ದುಬಾರಿ ಗೀಸರಾಗಲಿ, ನೀರಿನೊಳಗೇ ಮುಳುಗಿದ ಕಾಯಿಲ್ ತನ್ನ ಬಿಸಿಯನ್ನು ಹೆಚ್ಚುಕಡಿಮೆ ಪೂರ್ತಿ ನೀರಿಗೇ ಕೊಡುತ್ತದೆ. ಅಲ್ಲಿ ಗೆಲ್ಲಲು ಜಾಗವೇ ಇಲ್ಲ. ಗೆಲ್ಲಬೇಕಾದ್ದು ಎಷ್ಟು ಲೀಟರ್, ಎಷ್ಟು ಡಿಗ್ರಿ ಎಂಬುದರಲ್ಲಿ. ನಿಮಿಷಕ್ಕೆ 10 ಲೀಟರ್ ಸುರಿಸುವ ಶವರಿನ ಕೆಳಗೆ 8 ನಿಮಿಷ ನಿಂತರೆ 80 ಲೀಟರ್, ನಾಲ್ಕು ಬಕೆಟ್. ಇನ್ನು ಪೈಪು. ಒಳವ್ಯಾಸ 15 ಮಿ.ಮೀ., ಉದ್ದ 10 ಮೀಟರ್ ಇದ್ದರೆ ಅದರ ಹೊಟ್ಟೆಯಲ್ಲಿ ಸುಮಾರು 1.8 ಲೀಟರ್ ನೀರು ನಿಂತಿರುತ್ತದೆ. ಕೈ ತೊಳೆಯಲೆಂದು ಒಂದು ಕ್ಷಣ ಬಿಸಿನೀರಿನ ನಲ್ಲಿ ತಿರುಗಿಸಿದಾಗಲೆಲ್ಲ ನಿಮ್ಮ ಕೈಗೆ ಬರುವುದು ತಣ್ಣೀರು. ಗೀಸರಿನಿಂದ ಹೊರಟ ಬಿಸಿ ಪೈಪಿನಲ್ಲೇ ಆರಿಹೋಗುತ್ತದೆ.

ಥರ್ಮೋಸ್ಟಾಟನ್ನು ತೀರಾ ಇಳಿಸುವ ಜಾಣತನವೂ ಬೇಡ. ದಿನಗಟ್ಟಲೆ 40 ಡಿಗ್ರಿ ಆಸುಪಾಸಿನಲ್ಲಿ ನಿಂತ ನೀರು ನ್ಯುಮೋನಿಯಾ ತರುವ ಲೀಜಿಯೊನೆಲ್ಲ ಬ್ಯಾಕ್ಟೀರಿಯಾಕ್ಕೆ ತೊಟ್ಟಿಲಿದ್ದಂತೆ. ಕೂಡಿಟ್ಟ ನೀರಿಗೆ 60 ಡಿಗ್ರಿ ಸರಿ. ಬಳಸುವ ಅರ್ಧ ಗಂಟೆ ಮೊದಲು ಹಾಕಿ, ಆಮೇಲೆ ಆರಿಸಿದರೆ ಸಾಕು. ಗಡಸು ನೀರಿದ್ದರೆ ಕಾಯಿಲಿನ ಮೇಲೆ ಸುಣ್ಣದ ಪೊರೆ ಕಟ್ಟುತ್ತದೆ. ಇದರಿಂದ ಕರೆಂಟು ವಿಪರೀತ ಜಾಸ್ತಿಯಾಗುತ್ತದೆ ಎಂಬ ನಂಬಿಕೆ ಪೂರ್ತಿ ನಿಜವಲ್ಲ: ನಿಧಾನವಾಗಿಯಾದರೂ ಬಿಸಿ ನೀರಿಗೇ ಹೋಗಬೇಕು, ಬೇರೆ ದಾರಿಯಿಲ್ಲ. ನಷ್ಟವಾಗುವುದು ಕಾಯಿಲಿಗೆ. ಪೊರೆಯೊಳಗೆ ಸಿಕ್ಕಿ ಅದು ತಾನೇ ಕಾದು ಸುಟ್ಟುಹೋಗುತ್ತದೆ.

ಒಲೆಯ ವಿಷಯಕ್ಕೆ ಬಂದರೆ ಕಥೆ ಇನ್ನೂ ಸ್ವಾರಸ್ಯವಾಗುತ್ತದೆ, ಏಕೆಂದರೆ ಅಲ್ಲಿ ಕಳ್ಳ ಕಣ್ಣಿಗೆ ಕಾಣುತ್ತಲೇ ಇರುತ್ತಾನೆ, ಆವಿಯ ವೇಷದಲ್ಲಿ. ಒಂದು ಲೀಟರ್ ನೀರನ್ನು 25ರಿಂದ 100 ಡಿಗ್ರಿಗೆ ತರಲು 314 ಕಿಲೋಜೂಲ್. ಕುದಿಬಿಂದು ಮುಟ್ಟಿದ ಅದೇ ಲೀಟರನ್ನು ಪೂರ್ತಿ ಆವಿ ಮಾಡಲು 2,257 ಕಿಲೋಜೂಲ್, ಏಳು ಪಟ್ಟು! ಈ ಏಳು ಪಟ್ಟು ಒಳಗೆ ಹೋಗುವಾಗ ಥರ್ಮಾಮೀಟರ್ ಜಪ್ಪಯ್ಯ ಅಂದರೂ 100 ಬಿಟ್ಟು ಅಲ್ಲಾಡುವುದಿಲ್ಲ. ಆದ್ದರಿಂದಲೇ ಇದಕ್ಕೆ ಗುಪ್ತೋಷ್ಣ ಎಂದು ಹೆಸರು. ಇದನ್ನು ಗುರುತಿಸಿದವನು ಗ್ಲಾಸ್ಗೊ ವಿಶ್ವವಿದ್ಯಾಲಯದ ಜೋಸೆಫ್ ಬ್ಲ್ಯಾಕ್. 1762ರಲ್ಲಿ ಆತ ತಗಡಿನ ಪಾತ್ರೆಗಳಲ್ಲಿ ನೀರಿಟ್ಟು, ಕೆಂಪಗೆ ಕಾದ ಕಬ್ಬಿಣದ ಹಲಗೆಯ ಮೇಲೆ ಇರಿಸಿ ಗಡಿಯಾರ ಹಿಡಿದು ಕೂತ. ಕುದಿ ಬರಲು 4 ನಿಮಿಷ, ನೀರೆಲ್ಲ ಹಾರಿ ಹೋಗಲು ಇನ್ನೂ 20 ನಿಮಿಷ. ಆ ಇಪ್ಪತ್ತು ನಿಮಿಷದ ಬೆಂಕಿ ಎಲ್ಲಿ ಹೋಯಿತು? ಅದೇ ವಿಶ್ವವಿದ್ಯಾಲಯದಲ್ಲಿ ಉಪಕರಣ ರಿಪೇರಿ ಮಾಡಿಕೊಂಡಿದ್ದ ಜೇಮ್ಸ್ ವಾಟ್‌ನನ್ನೂ ಕಾಡಿದ್ದು ಇದೇ ಪ್ರಶ್ನೆ. ಸ್ವಲ್ಪವೇ ಆವಿಯಿಂದ ಅಷ್ಟೊಂದು ನೀರು ಹೇಗೆ ಕಾಯುತ್ತದೆ ಎಂದು ಬೆರಗಾಗಿ ಆತ ಬ್ಲ್ಯಾಕ್‌ನ ಬಳಿ ಹೋಗಿದ್ದ.

ಬೆಂಕಿ ಹೋದದ್ದು ನೀರಿನ ಅಣುಗಳನ್ನು ಒಂದರಿಂದ ಒಂದು ಬಿಡಿಸಲು. ದ್ರವದೊಳಗೆ ಅವು ಜಾತ್ರೆಯಲ್ಲಿ ಕೈಕೈ ಹಿಡಿದು ನಡೆಯುವ ಮಕ್ಕಳಿದ್ದಂತೆ: ಓಡಾಡುತ್ತವೆ, ಒಂದು ಕೈ ಬಿಟ್ಟು ಇನ್ನೊಂದು ಹಿಡಿಯುತ್ತವೆ, ಗುಂಪು ಬಿಡುವುದಿಲ್ಲ. ಆವಿಯಾಗಬೇಕಾದರೆ ಎಲ್ಲ ಕೈಗಳನ್ನೂ ಒಟ್ಟಿಗೆ ಬಿಡಿಸಿಕೊಳ್ಳಬೇಕು. ಸಾಲದ್ದಕ್ಕೆ ಇನ್ನೊಂದು ಹೋಲಿಕೆ: ಬಾವಿಯ ತಳದಲ್ಲಿ ಕಪ್ಪೆ ಎಷ್ಟು ಕುಣಿದರೂ ಬಾವಿಯಲ್ಲೇ ಇರುತ್ತದೆ, ಕಟ್ಟೆ ದಾಟುವಷ್ಟು ಹಾರಿದರೆ ಮಾತ್ರ ಹೊರಗೆ. ಮತ್ತೂ ಒಂದು: ಊರ ಗಡಿಯಲ್ಲಿ ಸುಂಕದ ಕಟ್ಟೆ. ಊರೊಳಗೆ ಎಷ್ಟು ತಿರುಗಿದರೂ ಸುಂಕವಿಲ್ಲ, ಗಡಿ ದಾಟುವವನು ಗಂಟೆಲ್ಲ ಸುರಿಯಬೇಕು. ಹೊರಟವರು ಒಳಗಿನವರ ಗಂಟನ್ನೂ ಕಟ್ಟಿಕೊಂಡು ಹೋಗುವುದರಿಂದ, ಉರಿ ಎಷ್ಟೇ ದೊಡ್ಡದಿದ್ದರೂ ಒಳಗಿನ ಬಿಸಿ ನೂರರಲ್ಲೇ ನಿಲ್ಲುತ್ತದೆ.

ಇದರಿಂದ ಅಡುಗೆಮನೆಗೆ ಬರುವ ತೀರ್ಪು ಸರಳ. ಕೊತಕೊತ ಕುದಿಯುವ ನೀರೂ, ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುವ ನೀರೂ ಒಂದೇ ಬಿಸಿ. ಬೇಯುವ ವೇಗವೂ ಒಂದೇ. ದೊಡ್ಡ ಉರಿ ಮಾಡುವುದು ಆವಿಯನ್ನು, ಅಡುಗೆಯನ್ನಲ್ಲ. ಕುದಿ ಬಂದ ಕ್ಷಣ ಉರಿ ಇಳಿಸಿ, ಮುಚ್ಚಳ ಹಾಕಿ. ಮುಚ್ಚಳದ ಒಳಮೈಯಲ್ಲಿ ಹನಿಗಟ್ಟುವ ಆವಿ ಸುಂಕವನ್ನೆಲ್ಲ ಹಿಂದಕ್ಕೆ ಕೊಟ್ಟು ಪಾತ್ರೆಗೇ ಇಳಿಯುತ್ತದೆ. ತೆರೆದ ಪಾತ್ರೆಯಿಂದ ಒಂದು ಲೀಟರ್ ಆರಿತೆಂದರೆ 0.63 ಯೂನಿಟ್ಟಿನಷ್ಟು ಶಕ್ತಿ ಕಿಟಕಿಯಿಂದ ಹೊರಗೆ ಹೋಯಿತು. ಗ್ಯಾಸ್ ಒಲೆಯಲ್ಲಿ ನಷ್ಟ ಇನ್ನೂ ಹೆಚ್ಚು, ಏಕೆಂದರೆ ಉರಿಯ ದೊಡ್ಡ ಪಾಲು ಪಾತ್ರೆಯನ್ನು ಮುಟ್ಟುವುದೇ ಇಲ್ಲ. ಜ್ವಾಲೆ ಪಾತ್ರೆಯ ಬದಿಗೆ ನೆಕ್ಕುತ್ತಿದ್ದರೆ ಅದು ಕಾಯಿಸುತ್ತಿರುವುದು ಕೋಣೆಯನ್ನು.

1679ರಲ್ಲಿ ಫ್ರಾನ್ಸಿನ ವಿಜ್ಞಾನಿ ದೆನಿ ಪಾಪಿನ್ ಲಂಡನ್ನಿನ ರಾಯಲ್ ಸೊಸೈಟಿಗೆ ತೋರಿಸಿದ ಬಿಗಿಮುಚ್ಚಳದ ಪಾತ್ರೆಯೇ ಇಂದಿನ ಕುಕ್ಕರಿನ ಅಜ್ಜ. ಒಳಗಿನ ಒತ್ತಡ ಹೊರಗಿನ ಎರಡರಷ್ಟಾದರೆ ಕುದಿಬಿಂದು ಸುಮಾರು 120 ಡಿಗ್ರಿಗೆ ಏರುತ್ತದೆ. ಪ್ರತಿ 10 ಡಿಗ್ರಿಗೆ ರಾಸಾಯನಿಕ ಕ್ರಿಯೆಯ ವೇಗ ಅಂದಾಜು ಇಮ್ಮಡಿಯಾಗುವುದರಿಂದ ಬೇಯುವ ಹೊತ್ತು ಕಾಲುಭಾಗಕ್ಕಿಳಿಯುತ್ತದೆ. ಆದರೆ ಕೂಗು ಎಣಿಸುವುದು ಅಡುಗೆಯ ಅಳತೆಯಲ್ಲ. ಕೂಗುವುದೆಂದರೆ ಹೆಚ್ಚಾದ ಆವಿಯನ್ನು ಚೆಲ್ಲುವುದು. ಮೊದಲ ಕೂಗಿಗೆ ಉರಿಯನ್ನು ಪೂರ್ತಿ ಸಣ್ಣ ಮಾಡಿ ನಿಮಿಷ ಎಣಿಸಿದರೆ, ಒಳಗೆ ಅದೇ 120 ಡಿಗ್ರಿ, ಚೆಲ್ಲುವುದು ಮಾತ್ರ ಇಲ್ಲ.

ಗುಪ್ತೋಷ್ಣ ಅಡುಗೆಮನೆಯಲ್ಲೇ ಇರುವ ಪ್ರಾಣಿಯಲ್ಲ. ಒಗೆದ ಬಟ್ಟೆಯಲ್ಲಿ ಉಳಿದ ಪ್ರತಿ ಲೀಟರ್ ನೀರಿಗೂ ಬಿಸಿಗಾಳಿಯ ಡ್ರೈಯರು 0.65 ಯೂನಿಟ್ಟಿಗಿಂತ ಕಡಿಮೆಯಲ್ಲಿ ಮುಗಿಸಲಾರದು. ಅದೇ ಲೀಟರನ್ನು ಯಂತ್ರದ ವೇಗದ ಸ್ಪಿನ್ ಹಿಂಡಿ ತೆಗೆದರೆ ಆಗುವ ಖರ್ಚು ಅದರ ಸಣ್ಣ ಚೂರು. ಚಲನೆ ಅಗ್ಗ ಎಂದೆನಲ್ಲ, ಇದೇ. ಏಸಿ ಕೋಣೆಯಲ್ಲಿ ಬಟ್ಟೆ ಒಣಗಿಸುವವರು ಇದನ್ನು ತಿರುಗಿಸಿ ಓದಿಕೊಳ್ಳಬೇಕು: ಬಟ್ಟೆಯಿಂದ ಎದ್ದ ಆವಿ ಏಸಿಯ ತಣ್ಣನೆಯ ಕಾಯಿಲಿನ ಮೇಲೆ ಮತ್ತೆ ನೀರಾಗುವಾಗ ಬಿಡುವ ಬಿಸಿಯನ್ನೆಲ್ಲ ಏಸಿಯೇ ಹೊತ್ತು ಹೊರಗೆ ಹಾಕಬೇಕು, ಲೀಟರಿಗೆ 0.68 ಯೂನಿಟ್ಟಿನಷ್ಟು ಬಿಸಿ. ಫ್ರಿಜ್ಜಿನೊಳಗೆ ಮುಚ್ಚದೆ ಇಟ್ಟ ಹಬೆಯಾಡುವ ಪಾತ್ರೆಯದೂ ಇದೇ ಪ್ರತಾಪ, ಜೊತೆಗೆ ಮಂಜುಗಡ್ಡೆಯ ಪದರ ಬೇರೆ.

ಏಸಿಯನ್ನು 18ಕ್ಕೆ ಇಟ್ಟರೆ ಬೇಗ ತಂಪಾಗುತ್ತದೆ ಎಂಬುದೂ ಭ್ರಮೆ. ಹಳೆಯ ಬಗೆಯ ಕಂಪ್ರೆಸರ್‌ಗೆ ಇರುವುದು ಒಂದೇ ವೇಗ. 18 ಎಂದರೆ ಬೇಗ ಎಂದಲ್ಲ, ನಿಲ್ಲಬೇಡ ಎಂದು. ಗೋಡೆಯ ಮೂಲಕ ನುಗ್ಗುವ ಬಿಸಿ ಒಳಹೊರಗಿನ ವ್ಯತ್ಯಾಸಕ್ಕೆ ಅನುಗುಣ. ಹೊರಗೆ 36 ಇದ್ದಾಗ ಒಳಗೆ 20 ಇಟ್ಟರೆ ವ್ಯತ್ಯಾಸ 16, 26 ಇಟ್ಟರೆ 10. ಬಾವಿಯ ಆಳವೂ ಕಡಿಮೆ, ಸೇದಬೇಕಾದ ನೀರೂ ಕಡಿಮೆ. ಫ್ಯಾನು ಕೋಣೆಯನ್ನು ತಂಪು ಮಾಡುವುದೇ ಇಲ್ಲ. ಬೆವರನ್ನು ಆರಿಸಿ ಮೈಯನ್ನು ತಂಪು ಮಾಡುತ್ತದೆ. ಯಾರೂ ಇಲ್ಲದ ಕೋಣೆಯಲ್ಲಿ ತಿರುಗುವ ಫ್ಯಾನು 70 ವ್ಯಾಟಿನ ಸಣ್ಣ ಹೀಟರು.

ಇಷ್ಟೆಲ್ಲ ಬಿಟ್ಟು ಜನ ಕೊಳ್ಳುವುದು ಪ್ಲಗ್ಗಿಗೆ ಸಿಕ್ಕಿಸುವ "ಪವರ್ ಸೇವರ್" ಡಬ್ಬಿಯನ್ನು! ಬಿಚ್ಚಿದರೆ ಒಳಗೆ ಒಂದು ಕೆಪಾಸಿಟರ್ (ವಿದ್ಯುತ್ತನ್ನು ಕ್ಷಣಕಾಲ ಕೂಡಿಟ್ಟು ಹಿಂದಿರುಗಿಸುವ ಬಿಡಿಭಾಗ), ಒಂದು ಹಸಿರು ದೀಪ. ಮಾರುವವನು ಮಾಡುವ ಪ್ರದರ್ಶನ ಮೋಸವೆಂದು ಹೇಳುವುದೂ ಕಷ್ಟ, ಏಕೆಂದರೆ ಅಂಕಿ ನಿಜ. 230 ವೋಲ್ಟಿನಲ್ಲಿ ಓಡುವ ಮೋಟರು 2 ಆಂಪಿಯರ್ ಎಳೆಯುತ್ತಿದೆ, ಅದರ ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.6 ಎನ್ನಿ. ಡಬ್ಬಿ ಹಾಕಿದೊಡನೆ ಪವರ್ ಫ್ಯಾಕ್ಟರ್ 1 ಆಗಿ, ತಂತಿಯ ಸುತ್ತ ಹಿಡಿದು ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರಿನಲ್ಲಿ 1.2 ಆಂಪಿಯರ್. ಜನ ಚಪ್ಪಾಳೆ ತಟ್ಟುತ್ತಾರೆ. ಗುಣಿಸಿ ನೋಡಿ: ಮೊದಲು 230×2×0.6, ಆಮೇಲೆ 230×1.2×1. ಎರಡೂ 276 ವ್ಯಾಟ್! ಮೋಟರು ತನ್ನ ಕಾಂತಕ್ಷೇತ್ರಕ್ಕಾಗಿ ಸೆಕೆಂಡಿಗೆ ನೂರು ಸಲ ಸ್ವಲ್ಪ ಶಕ್ತಿಯನ್ನು ಕಡ ತಂದು ಹಿಂದಿರುಗಿಸುತ್ತದೆ. ಪಕ್ಕದ ಮನೆಯಿಂದ ತರುತ್ತಿದ್ದ ಆ ಕಡವನ್ನು ಕೆಪಾಸಿಟರ್ ಮನೆಯೊಳಗೇ ಕೊಡುತ್ತದೆ, ಅಷ್ಟೆ. ಮನೆಯ ಮೀಟರು ಸಾಮಾನ್ಯವಾಗಿ ಎಣಿಸುವುದು ತಂದದ್ದರಲ್ಲಿ ಕೊಟ್ಟದ್ದನ್ನು ಕಳೆದು ಉಳಿದದ್ದನ್ನು. ಕಡಕ್ಕೆ ಮೊದಲೂ ಬಿಲ್ಲಿರಲಿಲ್ಲ, ಈಗಲೂ ಇಲ್ಲ. ಮೋಟರು ನಿಂತಿರುವಾಗ ಡಬ್ಬಿ ತಾನೇ ಕರೆಂಟು ಎಳೆದುಕೊಂಡು ಕೂತಿರುತ್ತದೆ. ಗ್ಯಾಸ್ ಉಳಿಸುತ್ತದೆಂದು ಪೈಪಿಗೆ ಕಟ್ಟುವ ಅಯಸ್ಕಾಂತದ ಬಗ್ಗೆ ಇಷ್ಟೂ ಬರೆಯಬೇಕಿಲ್ಲ.

ಆ ದುಡ್ಡು ಉಳಿಸಿ ಮೀಟರಿನ ಮುಂದೆ ಒಂದು ನಿಮಿಷ ನಿಲ್ಲಿ. ಅದರ ಮುಖದ ಮೇಲೆ ಒಂದು ಯೂನಿಟ್ಟಿಗೆ ಕೆಂಪು ದೀಪ ಎಷ್ಟು ಸಲ ಮಿನುಗುತ್ತದೆ ಎಂಬ ಸಂಖ್ಯೆ ಅಚ್ಚಾಗಿರುತ್ತದೆ, ಉದಾಹರಣೆಗೆ 3200. ಒಂದು ನಿಮಿಷದ ಮಿನುಗನ್ನು 60,000ದಿಂದ ಗುಣಿಸಿ ಆ ಸಂಖ್ಯೆಯಿಂದ ಭಾಗಿಸಿದರೆ ಆ ಕ್ಷಣದ ಬಳಕೆ ವ್ಯಾಟಿನಲ್ಲಿ ಸಿಗುತ್ತದೆ; 10 ಮಿನುಗಿದರೆ ಸುಮಾರು 188 ವ್ಯಾಟ್. ಫ್ರಿಜ್ಜು ತನ್ನಿಷ್ಟಕ್ಕೆ ಓಡಿ ನಿಲ್ಲುವುದರಿಂದ ಲೆಕ್ಕ ಕೆಡಿಸುತ್ತದೆ, ಪರೀಕ್ಷೆಯ ಹೊತ್ತಿಗೆ ಅದನ್ನೂ ಆರಿಸಿ. ಒಂದೊಂದೇ ಉಪಕರಣ ಹಾಕಿ ಎಣಿಸಿ. ಎಲ್ಲ ಆರಿಸಿದ ಮೇಲೂ ದೀಪ ಮಿನುಗುತ್ತಿದ್ದರೆ ಮೇನ್ ಸ್ವಿಚ್ ತೆಗೆಯಿರಿ. ಆಗ ನಿಲ್ಲದಿದ್ದರೆ ತಕರಾರು ಮೀಟರಿನದು, ಸೀಲು ಮುಟ್ಟದೆ ದೂರು ಕೊಡಿ (ಕೆಲವು ಮೀಟರುಗಳಲ್ಲಿ ಬಳಕೆ ಇಲ್ಲದಾಗ ದೀಪ ಮಿನುಗದೆ ಒಂದೇ ಸಮನೆ ಉರಿಯುತ್ತದೆ, ಅದು ದೋಷವಲ್ಲ). ನಿಂತರೆ, ಎಂಸಿಬಿಗಳನ್ನೆಲ್ಲ (ಮನೆಯ ಒಂದೊಂದು ತಂತಿಸಾಲಿಗೂ ಇರುವ ಪುಟ್ಟ ಸ್ವಿಚ್ಚುಗಳು) ಇಳಿಸಿ ಮೇನ್ ಹಾಕಿ, ಒಂದೊಂದಾಗಿ ಮೇಲೆತ್ತುತ್ತ ಬನ್ನಿ. ಮಿನುಗು ಮತ್ತೆ ಶುರುವಾದ ಸಾಲಿನಲ್ಲೇ ಕಳ್ಳನಿದ್ದಾನೆ. ವೇಗವಾಗಿ ಮಿನುಗುತ್ತಿದ್ದರೆ ಮೊದಲು ಬಚ್ಚಲುಮನೆಗೆ ಹೋಗಿ ಗೀಸರಿನ ಸ್ವಿಚ್ ನೋಡಿ.